ಬಟ್ಟೆಯ ಹಿಂದೆ ಬರುವ ಪುಸ್ತಕ

ನನ್ನ ಹೊಲಿಗೆ ಪುಸ್ತಕ ಸರಿಯಾಗಿ ಮುಚ್ಚುವುದಿಲ್ಲ. ಬಟ್ಟೆ ತುಂಡು, ದಾರ, ಗುಂಡಿ, ಒಣಗಿದ ಎಲೆ ಎಲ್ಲ ಸೇರಿ ಉಬ್ಬಿಕೊಂಡಿದೆ. ಹಳೆಯ ಲಂಗದ ಲಾಡಿ ಸುತ್ತಿ ಕಟ್ಟಿಟ್ಟಿದ್ದೇನೆ. ಹೀಗೆ ಇಟ್ಟುಕೊಳ್ಳುವ ಪುಸ್ತಕಕ್ಕೆ ಈಗ ಆರ್ಟ್ ಜರ್ನಲ್ ಅಂತಾರೆ. ಶಿರಸಿಯ ನಮ್ಮ ಮನೆಯಲ್ಲಿ ಇದು ‘ಚಿಂದಿ ಪುಸ್ತಕ’. ಹೆಸರಿಟ್ಟವರು ಅತ್ತೆ.

ಯೂಟ್ಯೂಬಿನಲ್ಲಿ ಆರ್ಟ್ ಜರ್ನಲ್ ಅಂತ ಹುಡುಕಿದರೆ ಬರುವ ಪುಸ್ತಕಗಳೇ ಬೇರೆ. ಪ್ರತಿ ಪುಟಕ್ಕೂ ಜಲವರ್ಣ, ಮೇಲೆ ಚಿನ್ನದ ಬಣ್ಣದ ಪೆನ್ನು, ಬಗೆಬಗೆಯ ಟೇಪು. ನೋಡಲಿಕ್ಕೆ ಬಲು ಚೆಂದ. ಅವುಗಳ ಮೇಲೆ ನನಗೇನೂ ತಕರಾರಿಲ್ಲ. ಆದರೆ ಅಂಥ ಪುಟ ಮಾಡುವುದೇ ಒಂದು ಪೂರ್ತಿ ಕೆಲಸ. ಪುಟ ಮುಗಿಯುವ ಹೊತ್ತಿಗೆ ಸಂಜೆಯಾಗಿರುತ್ತದೆ, ಮಷೀನಿನ ಮುಂದೆ ಕೂರುವ ಉಮೇದು ಉಳಿದಿರುವುದಿಲ್ಲ. ಬಟ್ಟೆ ಕೆಲಸ ಮಾಡುವವರಿಗೆ ಪುಸ್ತಕ ಬೇಕು, ಅದರಲ್ಲಿ ಅನುಮಾನ ಇಲ್ಲ. ಆದರೆ ಅದು ಬಟ್ಟೆಗಿಂತ ಮುಂದೆ ಓಡಬಾರದು ಅನ್ನುವುದು ನನ್ನ ಅಭಿಪ್ರಾಯ. ಹೊಲಿಗೆ ಮುಂದೆ ಹೋಗಲಿ, ಪುಸ್ತಕ ಅದರ ಹಿಂದೆ ಬರಲಿ.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಕೌದಿ ಹೊಲಿಯುವುದನ್ನು ನೋಡಿದವರಿಗೆ ನಾನು ಹೇಳುವುದು ಬೇಗ ಅರ್ಥವಾಗಬಹುದು. ಕೆಳಗೆ ಹಳೆಯ ಹತ್ತಿ ಸೀರೆ ಹಾಸುತ್ತಾರೆ. ಒಂದು ಮೂಲೆಯಿಂದ ಶುರು. ಅಂಚಿಗೆ ಒಂದು ತುಂಡು ಇಡುವುದು, ಅದರ ಬದಿಯನ್ನು ಬೆರಳಿನಲ್ಲೇ ಒಳಗೆ ಮಡಚುವುದು, ರನ್ನಿಂಗ್ ಸ್ಟಿಚ್ ಹಾಕುತ್ತಾ ಮುಂದಿನ ತುಂಡಿಗೆ ಹೋಗುವುದು. ಸುತ್ತ ಒಂದು ಸಾಲು ಮುಗಿದರೆ ಅದರ ಒಳಗೆ ಇನ್ನೊಂದು ಸಾಲು. ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಟ್ಟುತ್ತಾರೆ. ಒಳಗೆ ತುಂಬಲು ಹತ್ತಿ ಇಲ್ಲ, ಬಟ್ಟೆಯ ಮೇಲೆ ಬಟ್ಟೆ ಬಂದು ದಪ್ಪ ತಾನಾಗಿ ಬರುತ್ತದೆ. ಕೊನೆಗೆ ನಾಲ್ಕು ಮೂಲೆಗೆ ಪುಟ್ಟ ಚೌಕವನ್ನು ಮಡಚಿ ಮಡಚಿ ಮಾಡಿದ ತ್ರಿಕೋನದ ಹೂವು. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ.

ಮಷೀನಿನ ಕ್ವಿಲ್ಟು ಕಲಿತ ನನ್ನಂಥವರಿಗೆ ಇದು ಪೂರ್ತಿ ಉಲ್ಟಾ. ನಾವು ಮೊದಲು ಚೌಕಗಳನ್ನು ಜೋಡಿಸಿ ಮೇಲ್ಪದರ ಮಾಡಿಕೊಳ್ಳುತ್ತೇವೆ. ಆಮೇಲೆ ಕೆಳಗಿನ ಬಟ್ಟೆ, ನಡುವೆ ಹತ್ತಿಯ ಪದರ, ಮೇಲೆ ಇದು. ಮೂರನ್ನೂ ಸೇರಿಸುವ ಹೊಲಿಗೆ ನಡುವಿನಿಂದ ಶುರುವಾಗಿ ಅಂಚಿಗೆ ಹೋಗಬೇಕು. ಇಲ್ಲದಿದ್ದರೆ ಮಧ್ಯದಲ್ಲಿ ಬಟ್ಟೆ ಸುಕ್ಕುಗಟ್ಟಿ ಕೂರುತ್ತದೆ. ಇದಕ್ಕೆಲ್ಲ ಲೆಕ್ಕ ಬೇಕು, ಲೆಕ್ಕಕ್ಕೆ ಗ್ರಾಫ್ ಪೇಪರ್ ಬೇಕು. ಮೂರು ಇಂಚಿನ ಚೌಕ ಬೇಕಾದರೆ ಮೂರೂವರೆ ಇಂಚು ಕತ್ತರಿಸಬೇಕು, ಎರಡೂ ಬದಿಗೆ ಕಾಲು ಕಾಲು ಇಂಚು ಹೊಲಿಗೆಗೆ ಹೋಗುತ್ತದಲ್ಲ. ಕರ್ಣಕ್ಕೆ ಎರಡು ತ್ರಿಕೋನ ಕೂಡಿಸಿ ಅದೇ ಚೌಕ ಮಾಡುವುದಾದರೆ ಮೂರೂ ಮುಕ್ಕಾಲಿಗೆ ಇನ್ನೂ ಒಂದೆಳೆ ಜಾಸ್ತಿ. ನಾನು ನಾಲ್ಕೇ ಕತ್ತರಿಸಿ ಆಮೇಲೆ ಅಂಚು ಸವರುತ್ತೇನೆ. ಇಷ್ಟು ಬರೆದಿಟ್ಟುಕೊಳ್ಳಲು ಒಂದು ಪುಟ ಸಾಕು. ನನ್ನ ಪುಸ್ತಕದ ಹಿಂಬದಿಯ ರಟ್ಟಿನ ಮೇಲೆ ಅದು ಇದೆ. ಪ್ರತಿ ಸಲ ಹೊಸದಾಗಿ ಗುಣಿಸುವ ರಗಳೆ ಇಲ್ಲ.

ಯಲ್ಲಾಪುರದ ಹತ್ತಿರದ ಒಂದು ಜಗಲಿಯಲ್ಲಿ ಕೌದಿ ಹೊಲಿಯುತ್ತಿದ್ದ ಅಜ್ಜಿಯ ಪಕ್ಕ ಕೂತು ನಾನು ಪುಸ್ತಕ ಬಿಚ್ಚಿದ್ದೆ. ಯಾವ ಬಣ್ಣದ ಪಕ್ಕ ಯಾವ ಬಣ್ಣ ಬರುತ್ತದೆ ಅಂತ ಗೀಚಿಕೊಳ್ಳುವ ಆಸೆ.

“ಎಂತ ಬರೀತೀ ತಂಗೀ?”

“ಮುಂದಿನ ತುಂಡು ಯಾವ್ದು ಇಡ್ತೀರಿ ಅಂತ, ಅಜ್ಜೀ.”

“ನಂಗೇ ಗೊತ್ತಿಲ್ಲ, ನೀ ಎಂತ ಬರೀತೀ? ಮುಗಿದ ಮೇಲೆ ಬರಿ.”

ಅಷ್ಟು ಹೇಳಿ ಅಜ್ಜಿ ಪಕ್ಕದ ಚೀಲಕ್ಕೆ ಕೈ ಹಾಕಿ ಸಿಕ್ಕಿದ ತುಂಡನ್ನು ಎಳೆದರು. ನೇರಳೆ ಬಣ್ಣದ್ದು. ಇಟ್ಟು ನೋಡಿದರು, ತೆಗೆದರು, ಇನ್ನೊಂದು ಎಳೆದರು. ಹಳದಿ ಬುಟ್ಟಾದ್ದು. ಅದು ಕೂತಿತು. ಆ ಎರಡು ಕ್ಷಣದಲ್ಲಿ ಏನಾಯಿತು ಅನ್ನುವುದು ಯಾವ ನಕ್ಷೆಯಲ್ಲೂ ಹಿಡಿಯುವುದಿಲ್ಲ. ಕೈ, ಕಣ್ಣು ಮತ್ತು ಚೀಲದಲ್ಲಿ ಉಳಿದಿದ್ದೇನು ಅನ್ನುವ ಅಂದಾಜು, ಮೂರೂ ಒಟ್ಟಿಗೆ ತೀರ್ಮಾನ ಮಾಡಿದವು.

ಆಮೇಲೆ ಅಜ್ಜಿ ಹೊಲಿದು ಮುಗಿದ ಭಾಗವನ್ನು ಒಂದೊಂದಾಗಿ ತೋರಿಸಿದರು. ಇದು ಮಗನ ಅಂಗಿ. ಇದು ಮೊಮ್ಮಗಳ ಶಾಲೆ ಯೂನಿಫಾರ್ಮು. ಇದು ತಂಗಿ ಕೊಟ್ಟ ಸೀರೆಯ ಸೆರಗು. ಬರೆದಿಡುವ ಅಗತ್ಯವೇ ಇಲ್ಲ, ಆ ಮನೆಯ ಮಕ್ಕಳು ಕೌದಿ ಹೊದ್ದು ಮಲಗಿ ಬೆರಳಿಟ್ಟು ಹೇಳುತ್ತಾರೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಸಿದ್ದಿ ಕೌದಿಗಳ ಬಗ್ಗೆ ಅಧ್ಯಯನ ಮಾಡಿ ಬರೆದಿದ್ದಾರೆ, ಹೊರದೇಶದ ಪ್ರದರ್ಶನಗಳಿಗೂ ಅವು ಹೋಗಿವೆ. ಒಳ್ಳೆಯದೇ. ಹೊಲಿದವರಿಗೆ ನಾಲ್ಕು ಕಾಸು ಬರಲಿ. ಆದರೆ ಗೋಡೆಗೆ ತೂಗುಹಾಕಿದ ಕೌದಿಯಲ್ಲಿ ಮಗನ ಅಂಗಿ ಯಾವುದು ಅಂತ ನೋಡುವವರಿಗೆ ಗೊತ್ತಾಗುವುದಿಲ್ಲ, ಅಲ್ವಾ? ಮನೆಯಿಂದ ಹೊರಗೆ ಹೋದ ಕೂಡಲೇ ಬಟ್ಟೆ ಬರೀ ಬಣ್ಣವಾಗಿಬಿಡುತ್ತದೆ.

ನಮ್ಮ ಮನೆಗಳ ಕತೆಯೂ ಅದೇ. ನಾನು ಹೊಲಿದ ಹೊದಿಕೆಗಳು ಬೆಂಗಳೂರು, ಪುಣೆ, ಹುಬ್ಬಳ್ಳಿಗೆ ಹೋಗಿ ಕೂತಿವೆ. ಹೊದೆಯುವ ಮಕ್ಕಳು ಮುತ್ತಜ್ಜಿಯನ್ನು ಫೋಟೋದಲ್ಲೂ ಸರಿಯಾಗಿ ನೋಡಿಲ್ಲ. ಹಾಗಾಗಿ ಹೊದಿಕೆ ಮುಗಿದ ಮೇಲೆ ಅದಕ್ಕೊಂದು ಪುಟ ಮಾಡುವುದು ನನ್ನ ಪದ್ಧತಿ. ಅದರಲ್ಲಿ ಬಳಸಿದ ಪ್ರತಿ ಬಟ್ಟೆಯ ಒಂದು ಉಗುರಗಲದ ತುಂಡು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಸಾಲು. ‘ಅಜ್ಜಿಯ ವಾಯಿಲ್ ಸೀರೆ, ಕುಮಟಾ. ಸೆರಗಿನ ಹತ್ತಿರ ದೀಪದ ಎಣ್ಣೆ ಕಲೆ, ಹೋಗಲಿಲ್ಲ.’ ‘ಟೇಲರ್ ಅಂಗಡಿಯ ತುಂಡು, ಯಾರದ್ದೋ ಮದುವೆ ಬ್ಲೌಸಿನ ಅಸ್ತರ್.’ ‘ಅಪ್ಪನ ಪಂಚೆ, ಹಸಿರು ಅಂಚು.’ ಇಷ್ಟೇ. ಸಾಹಿತ್ಯ ಬರೆಯುವ ಗೋಜಿಗೆ ಹೋಗುವುದಿಲ್ಲ.

ಅತ್ತೆಗೆ ಇದು ಮೊದಮೊದಲು ತಮಾಷೆ. “ನೀ ಬಟ್ಟೆ ಹೊಲೀತ್ಯ, ಲೆಕ್ಕ ಬರೀತ್ಯ?” ಅಂತ ಕೇಳುತ್ತಿದ್ದರು. ಈಗ ಕನ್ನಡಕ ಹಾಕಿಕೊಂಡು ಪುಟ ತಿರುಗಿಸಿ ತಿದ್ದುತ್ತಾರೆ. ಕೆಂಪು ಚೌಕಳಿ ಸೀರೆಯ ಪಕ್ಕ ನಾನು ‘ಅತ್ತೆಯ ಬಾಣಂತನದ ಸೀರೆ’ ಅಂತ ಬರೆದಿದ್ದೆ, ಯಾರೋ ಹೇಳಿದ್ದು ಕೇಳಿ. “ಅಲ್ದೇ, ಅದು ಜಾತ್ರೆಲಿ ತಗಂಡಿದ್ದು” ಅಂದರು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆ ಜಾತ್ರೆಗೆ ಹೋಗಿ ಬಳೆ ತೊಟ್ಟು, ಉಳಿದ ದುಡ್ಡಿನಲ್ಲಿ ಆ ಸೀರೆ ತಂದಿದ್ದಂತೆ. ಬರುವಾಗ ಬಸ್ಸಿನಲ್ಲಿ ಜಾಗ ಸಿಗದೆ ಸೀರೆಯ ಗಂಟನ್ನು ತಲೆಯ ಮೇಲೆ ಹೊತ್ತು ನಿಂತಿದ್ದಂತೆ. ಆ ಒಂದು ಉಗುರಗಲದ ತುಂಡಿನ ಪಕ್ಕ ಈಗ ಮುಕ್ಕಾಲು ಪುಟ ಬರಹ ಇದೆ. ಅರ್ಧ ನನ್ನ ಅಕ್ಷರ, ಅರ್ಧ ಅತ್ತೆಯದು. ಅತ್ತೆಯ ಅಕ್ಷರ ನನಗಿಂತ ದುಂಡಗಿದೆ.

ಬಣ್ಣದ ವಿಷಯಕ್ಕೆ ಬಂದರೆ ಪುಸ್ತಕ ಇನ್ನೊಂದು ಥರದ ಕೆಲಸ ಮಾಡುತ್ತದೆ. ಇಲ್ಲಿ ಮಾತ್ರ ಅದು ನನಗೆ ಮುಂದಿನ ದಾರಿ ಹೇಳುವುದುಂಟು.

ನಮ್ಮ ಕಡೆ ಅಡಿಕೆ ಸುಲಿಯುವ ದಿನಗಳಲ್ಲಿ ಉಡುವುದಕ್ಕೆಂದೇ ಒಂದು ಹಳೆಯ ಸೀರೆ ಇರುತ್ತದೆ. ಮೆಟ್ಟುಗತ್ತಿಯ ಮುಂದೆ ಕೂತು ಎದ್ದವರ ಕೈಯೂ ಕಪ್ಪು, ಸೀರೆಯೂ ಕಪ್ಪು. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದ ಮೇಲೆ ಉಳಿಯುವ ಕೆಂಪು ರಸವೇ ಚೊಗರು. ಅಡಿಕೆಗೆ ಬಣ್ಣ ಬರಲೆಂದು ಅದನ್ನು ಮತ್ತೆ ಬಳಸುತ್ತಾರೆ, ಗಟ್ಟಿ ಮಾಡಿ ಮುಂದಿನ ವರ್ಷಕ್ಕೂ ಇಡುತ್ತಾರೆ. ಬಟ್ಟೆಗೆ ತಾಗಿದರೆ ಮುಗಿಯಿತು, ಯಾವ ಸೋಪಿಗೂ ಬಗ್ಗದು. ಅಷ್ಟು ಹಟ ಇರುವ ಕಲೆಯನ್ನು ಬಣ್ಣವಾಗಿ ಯಾಕೆ ಬಳಸಬಾರದು ಅಂತ ಒಂದು ಸೀಸನ್ನಿನಲ್ಲಿ ಕೂತೆ.

ಅಡಿಕೆಯಲ್ಲಿರುವುದು ಟ್ಯಾನಿನ್. ಅಣಲೆಕಾಯಿಯಲ್ಲಿ, ಚಹಾದಲ್ಲಿ ಇರುವ ಒಗರೂ ಅದೇ ಜಾತಿಯದು. ಹತ್ತಿ ಬಟ್ಟೆ ಅದನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಹಳೆಯ ಬಿಳಿ ಪಂಚೆಯ ತುಂಡುಗಳನ್ನು ನೀರು ಬೆರೆಸಿದ ಚೊಗರಿನಲ್ಲಿ ಕುದಿಸಿ, ಒಂದೊಂದಕ್ಕೂ ಬೇರೆ ಬೇರೆ ಉಪಚಾರ ಮಾಡಿದೆ. ಸುಮ್ನೆ ಹಾಗೇ ಒಣಗಿಸಿದ್ದು ಒಣ ಸೋಗೆಯ ಕಂದು. ಮೊದಲು ಪಟಿಕದ ನೀರಿನಲ್ಲಿ ನೆನೆಸಿದ್ದು ತುಸು ತಿಳಿ, ತುಸು ಕೆಂಪು. ಸುಣ್ಣದ ತಿಳಿನೀರಿಗೆ ಅದ್ದಿದ್ದು ಇನ್ನೂ ಕೆಂಪಿಗೆ ತಿರುಗಿತು. ಎಲೆ ಅಡಿಕೆ ಜಗಿದವರ ಬಾಯಿ ನೋಡಿದವರಿಗೆ ಅದೇನೂ ಆಶ್ಚರ್ಯ ಅಲ್ಲ. ಮಜಾ ಬಂದಿದ್ದು ಕಬ್ಬಿಣದ ನೀರಿನಲ್ಲಿ. ತುಕ್ಕು ಹಿಡಿದ ಮೊಳೆಗಳನ್ನು ಬೆಲ್ಲದ ನೀರಿಗೆ ಹಾಕಿ ಹುಳಿ ಬರಿಸಿ ಇಟ್ಟಿದ್ದೆ. ಕಂದು ತುಂಡನ್ನು ಅದರಲ್ಲಿ ಮುಳುಗಿಸಿದ್ದೇ ತಡ, ಕಣ್ಣೆದುರೇ ಬೂದಿ, ಆಮೇಲೆ ಮೋಡಗಪ್ಪು. ಆಷಾಢದ ಆಕಾಶ ಬೇಕು ಅಂತ ಅಂಗಡಿ ಅಂಗಡಿ ಅಲೆದಿದ್ದೆ, ಅದು ನಮ್ಮ ಬಚ್ಚಲ ಒಲೆಯ ಮೇಲೆ ಇತ್ತು.

ಈ ತುಂಡುಗಳಿಗೆ ಪುಸ್ತಕದಲ್ಲಿ ಎರಡು ಪುಟ ಇವೆ. ಪ್ರತಿ ತುಂಡಿನ ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ, ಉಳಿದರ್ಧವನ್ನು ದಕ್ಷಿಣದ ಕಿಟಕಿಯ ಬಿಸಿಲಿಗೆ ಬಿಟ್ಟು, ಆಮೇಲೆ ತಂದು ಹೊಲಿದಿದ್ದು. ಬಿಸಿಲು ಎಷ್ಟು ತಿಂದಿದೆ ಅನ್ನುವುದು ಗೆರೆ ಕೊರೆದ ಹಾಗೆ ಕಾಣುತ್ತದೆ. ಚೊಗರು ಗಟ್ಟಿಯಾಗಿ ನಿಂತಿದೆ. ಅರಿಶಿನ ಸೋತಿದೆ. ಅರಿಶಿನದ್ದು ಇನ್ನೊಂದು ಚೇಷ್ಟೆ, ಸೋಪು ತಾಗಿದರೆ ಕೆಂಪಾಗುತ್ತದೆ. ಮುರುಗಲು, ಅಂದರೆ ಕೋಕಂ ಹಣ್ಣಿನ ಸಿಪ್ಪೆ ಮೊದಲು ಎಂಥ ಚೆಂದದ ಕೆಂಪು ಕೊಟ್ಟಿತು! ಒಂದು ಸಲ ಸೋಪಿನಲ್ಲಿ ಒಗೆದಿದ್ದೇ ಬೂದು ನೀಲಿ, ಮತ್ತೊಂದು ಸಲಕ್ಕೆ ಅದೂ ಇಲ್ಲ. ಮುರುಗಲು ಕುಡಿಯಲಿಕ್ಕೇ ಇರಲಿ.

ಕಬ್ಬಿಣದ ಕಪ್ಪಿಗೆ ಒಂದು ಎಚ್ಚರಿಕೆ ಪುಟದ ಮೇಲೇ ಕೆಂಪು ಪೆನ್ಸಿಲಿನಲ್ಲಿ ಬರೆದಿದೆ. ಕಬ್ಬಿಣ ಮತ್ತು ಟ್ಯಾನಿನ್ ಸೇರಿದ ಬಣ್ಣ ವರ್ಷಗಳು ಕಳೆದಂತೆ ಹತ್ತಿಯನ್ನೇ ತಿನ್ನುತ್ತದೆ. ಹತ್ತೊಂಬತ್ತನೇ ಶತಮಾನದ ಅಮೆರಿಕದ ಹಳೆಯ ಕ್ವಿಲ್ಟುಗಳಲ್ಲಿ ಮೊದಲು ಪುಡಿಯಾಗಿ ಉದುರಿರುವುದು ಇಂಥ ಕಡುಕಂದು ಮತ್ತು ಕಪ್ಪು ತುಂಡುಗಳೇ. ಸುತ್ತಲಿನ ಕೆಂಪು, ನೀಲಿ ಗಟ್ಟಿಯಾಗಿವೆ, ನಡುವೆ ಕಪ್ಪು ಹೂವಿನ ಜಾಗದಲ್ಲಿ ತೂತು. ಆದ್ದರಿಂದ ಮಕ್ಕಳ ಹೊದಿಕೆಗೆ ನಾನು ಆ ಕಪ್ಪು ಹಾಕುವುದಿಲ್ಲ. ಗೋಡೆಗೆ ಹಾಕುವುದಕ್ಕಾದರೆ ಸರಿ.

ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೆ ಸಾಲದಾ ಅಂತ ಅಕ್ಕನ ಮಗಳು ಕೇಳುತ್ತಾಳೆ. ಬಣ್ಣಕ್ಕೆ ಸಾಲದು. ಟ್ಯೂಬ್‌ಲೈಟಿನಲ್ಲಿ ತೆಗೆದರೆ ಒಂದು ಬಣ್ಣ, ಅಂಗಳದಲ್ಲಿ ತೆಗೆದರೆ ಇನ್ನೊಂದು, ಫೋನು ಬದಲಾದರೆ ಮೂರನೆಯದು. ಬೆರಳಿಗೆ ಸಿಗುವ ತುಂಡು ಹಾಗೆ ಮಾತು ಬದಲಾಯಿಸುವುದಿಲ್ಲ. ಜೊತೆಗೆ ಬಟ್ಟೆ ದಪ್ಪವಾ, ಜಾಳುಜಾಳಾ, ಎಳೆದರೆ ಹಿಗ್ಗುತ್ತದಾ ಅನ್ನುವುದನ್ನು ಫೋಟೋ ಹೇಳುತ್ತದೆಯೇ? ಫೋನು ನನಗೆ ಬೇಕಾಗುವುದು ಒಂದೇ ಕೆಲಸಕ್ಕೆ. ತುಂಡುಗಳನ್ನೆಲ್ಲ ನೆಲದ ಮೇಲೆ ಹರಡಿ ಕಪ್ಪು ಬಿಳುಪಿನಲ್ಲಿ ಒಂದು ಫೋಟೋ. ಯಾವುದು ತಿಳಿ, ಯಾವುದು ಗಾಢ ಅಂತ ಆಗ ತಕ್ಷಣ ಕಾಣುತ್ತದೆ. ಕೆಂಪು ಮತ್ತು ಹಸಿರು ಕಣ್ಣಿಗೆ ಎಷ್ಟೇ ಬೇರೆಯಾಗಿ ಕಂಡರೂ ಫೋಟೋದಲ್ಲಿ ಒಂದೇ ಬೂದಿಯಾಗಿಬಿಟ್ಟರೆ, ದೂರದಿಂದ ನೋಡುವವರಿಗೆ ನಿಮ್ಮ ವಿನ್ಯಾಸ ಕಾಣುವುದಿಲ್ಲ. ಕಣ್ಣು ಅರ್ಧ ಮುಚ್ಚಿ ನೋಡಿದರೂ ಇದೇ ಗೊತ್ತಾಗುತ್ತದೆ, ಫೋನು ಇಲ್ಲದಿದ್ದವರು ಹಾಗೇ ಮಾಡುತ್ತಿದ್ದರು.

ತಿಳಿ-ಗಾಢದ ಪಾಠ ಬೇಕೆಂದರೆ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರ ನೋಡಬೇಕು. ಅಲ್ಲಿ ಇರುವುದು ಎರಡೇ ಬಣ್ಣ, ಕೆಮ್ಮಣ್ಣಿನ ಕಾವಿ ಮತ್ತು ಸುಣ್ಣದ ಬಿಳಿ. ಬಿಳಿ ಗಾರೆಯ ಮೇಲೆ ಕಾವಿ ಪದರ ಬಳಿದು, ಅದು ಹಸಿ ಇರುವಾಗಲೇ ಮೇಲಿನ ಕೆಂಪನ್ನು ಕೆರೆದು ತೆಗೆದು ಚಿತ್ರ ಬಿಡಿಸುವುದು. ಬಿಳಿ ಗೆರೆ ಎಳೆದಿದ್ದಲ್ಲ, ಕೆಳಗಿನಿಂದ ಹೊರಬಂದಿದ್ದು. ಬಟ್ಟೆಯಲ್ಲೂ ಹೀಗೆ ಮಾಡಬಹುದು. ಕೆಳಗೆ ಬಿಳಿ, ಮೇಲೆ ಕೆಂಪು ಇಟ್ಟು, ಕೆಂಪನ್ನು ಕತ್ತರಿಸಿ ಅಂಚನ್ನು ಒಳಗೆ ಮಡಚಿ ಹೊಲಿದರೆ ಬಿಳಿ ಹೂವು ಕೆಳಗಿನಿಂದ ಇಣುಕುತ್ತದೆ. ರಿವರ್ಸ್ ಅಪ್ಲಿಕ್ ಅಂತ ಇದಕ್ಕೆ ಹೆಸರು. ಪುಸ್ತಕದಲ್ಲಿ ನಾನು ಬರೆದುಕೊಂಡಿದ್ದು ಹೂವಿನ ಚಿತ್ರವನ್ನಲ್ಲ, ಗೋಡೆಯಲ್ಲಿ ಬಿಳಿ ಗೆರೆ ಎಲ್ಲಿ ತೆಳ್ಳಗಾಗುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು. ತುದಿ ಎಲ್ಲೂ ಚೂಪಿಲ್ಲ. ಬಟ್ಟೆಗೂ ಚೂಪು ತುದಿ ಕಷ್ಟ, ದಾರ ಬಿಟ್ಟುಕೊಳ್ಳುತ್ತದೆ.

ಹಾಗಾದರೆ ಹೊರಗೆ ಕೂತು ಚಿತ್ರ ಬರೆಯುವುದೇ ಇಲ್ಲವಾ? ಬರೆಯುತ್ತೇನೆ, ಕೆಟ್ಟದಾಗಿ. ಅದಕ್ಕಿಂತ ಉಪಯೋಗಕ್ಕೆ ಬರುವುದು ಕೀ ಚೈನಿನ ಬಳೆಗೆ ಪೋಣಿಸಿದ ಬಟ್ಟೆ ತುಂಡುಗಳ ಗೊಂಚಲು. ಅದನ್ನು ಚೀಲದಲ್ಲಿ ಹಾಕಿಕೊಂಡು ಹೋಗುತ್ತೇನೆ. ನೀರಿನ ಹತ್ತಿರ ಕೂತರೆ ನೀರಿಗೆ ಯಾವ ತುಂಡು ಹೊಂದುತ್ತದೆ ಅಂತ ಹಿಡಿದು ನೋಡಿ, ಅದರ ನಂಬರನ್ನು ಪುಟದಲ್ಲಿ ಬರೆಯುವುದು. ಬಣ್ಣ ಕಲೆಸುವುದು ಬೇಡ, ಬ್ರಶ್ ತೊಳೆಯುವುದು ಬೇಡ. ಮನೆಗೆ ಬಂದರೆ ಬಟ್ಟೆ ಕಪಾಟಿನಲ್ಲಿ ಇದ್ದೇ ಇದೆ.

ಅಘನಾಶಿನಿಯ ಪುಟಗಳು ಆಗಿದ್ದು ಹೀಗೆ. ನದಿ ನಮ್ಮ ಶಿರಸಿ ಪೇಟೆಯ ಶಂಕರ ಹೊಂಡದ ಹತ್ತಿರ ಹುಟ್ಟುತ್ತದೆ. ಅಷ್ಟು ದೊಡ್ಡ ನದಿಯ ಮೂಲ ಇದೇನಾ ಅಂತ ನೋಡಿದವರು ಕೇಳುವಂತಿದೆ. ಅಲ್ಲಿಂದ ಕಾಡು, ತೋಟ ದಾಟಿ ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕಿ, ಘಟ್ಟ ಇಳಿದು, ಕುಮಟಾ ತಾಲೂಕಿನಲ್ಲಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ನಡುವೆ ಅಗಲವಾಗಿ, ತದಡಿಯ ಹತ್ತಿರ ಸಮುದ್ರಕ್ಕೆ. ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ನನ್ನ ತವರು ಕುಮಟಾ, ಅಕ್ಕ ಇರುವುದು ಕಾರವಾರದಲ್ಲಿ. ದೇವಿಮನೆ ಘಟ್ಟ ಹತ್ತಿ ಇಳಿಯುವುದು ನನಗೆ ನಿತ್ಯದ ದಾರಿ ಇದ್ದ ಹಾಗೆ. ಹೋಗುವಾಗ ಬರುವಾಗ ಗೊಂಚಲು ಕೈಯಲ್ಲಿ.

ನದಿ ಅಂದರೆ ನೀಲಿ ಅಂತ ಹೊರಟಿದ್ದೆ. ಪುಟದಲ್ಲಿ ನೀಲಿ ನಂಬರುಗಳು ಬಹಳ ಕಡಿಮೆ. ಘಟ್ಟದ ಮೇಲೆ ನೆರಳಿನಲ್ಲಿ ಹರಿಯುವ ನೀರಿಗೆ ಹೊಂದಿದ್ದು ಪಾಚಿ ಹಸಿರು ಮತ್ತು ಚೊಗರಿನ ತಿಳಿ ಕಂದು. ಮಳೆಗಾಲದಲ್ಲಿ ಕೆಳಗೆ ಎಲ್ಲವೂ ಕೆಮ್ಮಣ್ಣು. ಗಜನಿಯಲ್ಲಿ ಉಪ್ಪುನೀರು ಸಹಿಸುವ ಕಗ್ಗ ಭತ್ತ ಬೆಳೆಯುತ್ತಾರಲ್ಲ, ಅದು ಎಳೆಯದಿರುವಾಗಿನ ಹಸಿರಿಗೆ ನನ್ನ ಗೊಂಚಲಿನಲ್ಲಿ ತುಂಡೇ ಇರಲಿಲ್ಲ. ಕುಮಟಾದ ಅಂಗಡಿಯೊಂದರಲ್ಲಿ ಪೆಟ್ಟಿಕೋಟಿನ ಪಾಪ್ಲಿನ್ ನೋಡಿ ಅದೇ ಇದು ಅಂತ ಕಾಲು ಮೀಟರ್ ಕೇಳಿದೆ. ಅಂಗಡಿಯವರು ನನ್ನನ್ನೊಮ್ಮೆ ನೋಡಿ, ಅರ್ಧ ಮೀಟರಿಗೆ ಕಡಿಮೆ ಹರಿಯುವುದಿಲ್ಲ ಅಂದರು.

ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನಾಗರಕ್ಕೆ ಬಂದಾಗ ನನಗೆ ಪೆನ್ಸಿಲ್ ಹಿಡಿಯುವ ಕೆಲಸವೇ ಉಳಿಯಲಿಲ್ಲ. ಬೇಸಿಗೆಯ ಹೊತ್ತು. ಮಣ್ಣಿನ ಸಣ್ಣ ಒಡ್ಡುಗಳ ನಡುವೆ ಚೌಕ ಚೌಕ ಮಡಿಗಳು, ಕಣ್ಣು ಹೋದಷ್ಟು ದೂರ. ಈಗಷ್ಟೇ ನೀರು ಬಿಟ್ಟ ಮಡಿಯಲ್ಲಿ ಆಕಾಶ ಕಾಣುತ್ತಿತ್ತು. ಅದರ ಪಕ್ಕದ್ದು ಬೂದು ಹಸಿರು. ಇನ್ನೊಂದರಲ್ಲಿ ಅಂಚಿಗೆ ಬಿಳಿ ಹರಳು ಕಟ್ಟಲು ಶುರುವಾಗಿ ನಡುವೆ ಮಾತ್ರ ನೀರು. ನೀರು ಗಟ್ಟಿಯಾದಂತೆ ಕೆಲವು ಮಡಿ ತುಸು ಕೆಂಪು. ಎಳೆದು ರಾಶಿ ಹಾಕಿದ ಉಪ್ಪು ಕೂಡ ಅಂಗಡಿಯ ಪ್ಯಾಕೆಟ್ಟಿನ ಬಿಳಿ ಅಲ್ಲ, ಮಣ್ಣಿನ ಛಾಯೆ ಇದೆ. ಒಡ್ಡು ಒಂದೂ ಗೆರೆ ಹೊಡೆದಷ್ಟು ನೇರ ಇಲ್ಲ. ಆದರೂ ಎಲ್ಲಿಯೂ ಸೊಟ್ಟ ಅನ್ನಿಸುವುದಿಲ್ಲ. ಗ್ರಾಫ್ ಪೇಪರಿನಲ್ಲಿ ಇದನ್ನು ಹಾಕಿದರೆ ಸತ್ತೇಹೋಗುತ್ತದೆ. ಹಾಗಾಗಿ ಪುಟದಲ್ಲಿ ಚಿತ್ರವಿಲ್ಲ. ಬದಿಗೆ ಹತ್ತಾರು ನಂಬರು, ಕೆಳಗೆ ಒಂದು ಸಾಲು: ‘ಒಡ್ಡಿಗೆ ಸ್ಕೇಲು ಬೇಡ, ಕತ್ತರಿ ಸಾಕು.’

ಹೊದಿಕೆ ಹೊಲಿಯಲು ಕೂತಾಗ ಪುಟದಲ್ಲಿದ್ದ ಅರ್ಧ ನಂಬರುಗಳು ಬಿದ್ದುಹೋದವು. ಪಾಪ್ಲಿನ್ ಹಸಿರು ವಾಯಿಲಿನ ಪಕ್ಕ ಕೂತು ವಾಯಿಲನ್ನೇ ನುಂಗಿತು, ಅದರ ಜಾಗಕ್ಕೆ ಒಗೆದು ಮಾಸಿದ ಒಂದು ಲುಂಗಿ ಬಂತು. ಉಂಚಳ್ಳಿಗೆ ಅಂತ ಉದ್ದನೆಯ ಬಿಳಿ ಪಟ್ಟಿ ಕತ್ತರಿಸಿಟ್ಟಿದ್ದೆ. ಅದು ನಿಂತಿದ್ದು ಉಪ್ಪಿನಾಗರದಲ್ಲಿ. ಜಲಪಾತದ ಜಾಗಕ್ಕೆ ಅಪ್ಪನ ಪಂಚೆಯ ಅಂಚು ಬಂತು, ಹಸಿರು ಗೆರೆಯ ಪಕ್ಕ ಬಿಳಿ. ಯಾಕೆ ಅಂತ ಕೇಳಿದರೆ ಇಟ್ಟಾಗ ಕೂತಿತು ಅನ್ನುವುದು ಬಿಟ್ಟು ನನ್ನ ಹತ್ತಿರ ಬೇರೆ ಉತ್ತರ ಇಲ್ಲ. ಯಲ್ಲಾಪುರದ ಅಜ್ಜಿಗೂ ಇರಲಿಲ್ಲ. ಹಾಗಂತ ನದಿಯ ದಂಡೆಯಲ್ಲಿ ಕೂತು ನಂಬರು ಬರೆದಿದ್ದು ದಂಡವಲ್ಲ. ನೀರು ನೀಲಿಯಲ್ಲ ಅಂತ ಕೈಗೆ ಗೊತ್ತಾಗಿದ್ದು ಅಲ್ಲಿ. ಅದು ಗೊತ್ತಿಲ್ಲದಿದ್ದರೆ ಲುಂಗಿಯ ಕಡೆ ಕೈಯೇ ಹೋಗುತ್ತಿರಲಿಲ್ಲ. ಹೊದಿಕೆ ಮುಗಿದ ಮೇಲೆ ಅದೇ ಪುಟಗಳಲ್ಲಿ ಬಿದ್ದ ನಂಬರುಗಳ ಮೇಲೆ ಗೆರೆ ಎಳೆದು, ಬಂದ ಬಟ್ಟೆಯ ತುಂಡನ್ನು ಪಕ್ಕದಲ್ಲಿ ಹೊಲಿದಿದ್ದೇನೆ. ಅಳಿಸಿಲ್ಲ. ಎರಡೂ ಕಾಣಬೇಕು.

ಹೊಲಿದಿದ್ದೇನೆ ಅಂದೆ, ಅಂಟಿಸಿದ್ದೇನೆ ಅನ್ನಲಿಲ್ಲ. ಅದಕ್ಕೆ ಕಾರಣ ಮಳೆ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್, ಕಾರವಾರದಲ್ಲಿ 3,000 ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಆ ದಿನಗಳಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ಪುಸ್ತಕದ ಪಾಡೇನು. ಮೈದಾ ಅಂಟು ಹಾಕಿದರೆ ಬೂಷ್ಟು ಬರುತ್ತದೆ, ಕಾಗದ ತಿನ್ನುವ ಬೆಳ್ಳಿ ಬಣ್ಣದ ಹುಳುವಿಗೆ ಅದು ಹಬ್ಬದೂಟ. ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದು ಬಟ್ಟೆಗೆ ಕಲೆ ಮಾಡುತ್ತದೆ. ಟೇಪು ಒಂದೇ ಮಳೆಗಾಲಕ್ಕೆ ಬಿಟ್ಟುಕೊಂಡು ಜಿಗುಟು ಮಾತ್ರ ಉಳಿಸುತ್ತದೆ. ದಾರಕ್ಕೆ ಈ ಯಾವ ತೊಂದರೆಯೂ ಇಲ್ಲ. ತುಂಡಿನ ಮೇಲಂಚಿಗೆ ಮಾತ್ರ ನಾಲ್ಕು ಹೊಲಿಗೆ ಹಾಕುವುದು. ಆಗ ತುಂಡನ್ನು ಎತ್ತಿ ಹಿಂಬದಿ ನೋಡಬಹುದು. ಪ್ರಿಂಟ್ ಬಟ್ಟೆಯೋ, ನೂಲಿಗೇ ಬಣ್ಣ ಹಾಕಿ ನೇಯ್ದಿದ್ದೋ ಅನ್ನುವುದು ಹಿಂಬದಿಯಲ್ಲೇ ತಿಳಿಯುವುದು. ಎಷ್ಟೋ ಸಲ ನನಗೆ ಹಿಂಬದಿಯೇ ಹೆಚ್ಚು ಇಷ್ಟವಾಗಿ ಅದನ್ನೇ ಮೇಲೆ ಮಾಡಿ ಹೊಲಿದಿದ್ದೂ ಇದೆ.

ಬರೆಯಲು ಪೆನ್ಸಿಲ್. ಜೆಲ್ ಪೆನ್ನಿನ ಅಕ್ಷರ ತೇವಕ್ಕೆ ಹರಡಿ ಪಕ್ಕದ ಬಿಳಿ ಬಟ್ಟೆಗೂ ಹತ್ತುತ್ತದೆ. ಪೆನ್ಸಿಲ್ ಬರಹ ನೀರು ಬಿದ್ದರೂ ಹರಡುವುದಿಲ್ಲ. ಪುಸ್ತಕ ದುಬಾರಿಯದ್ದು ಬೇಡ, ಬೈಂಡ್ ಮಾಡಿದ ಲಾಂಗ್ ಬುಕ್ಕು ನಡೆಯುತ್ತದೆ. ಎರಡು ಹಾಳೆ ಬಿಟ್ಟು ಒಂದು ಹಾಳೆ ಕತ್ತರಿಸಿ ತೆಗೆದರೆ ಬಟ್ಟೆಯ ದಪ್ಪಕ್ಕೆ ಜಾಗ ಆಗುತ್ತದೆ. ಹಾಗೆ ಮಾಡಿಯೂ ನನ್ನದು ಉಬ್ಬಿದೆ, ಆ ಮಾತು ಬೇರೆ. ಮಳೆಗಾಲದಲ್ಲಿ ಅದರ ವಾಸ ಅವಲಕ್ಕಿಯ ಸ್ಟೀಲ್ ಡಬ್ಬದಲ್ಲಿ, ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ. ಚೌತಿಯ ಹೊತ್ತಿಗೆ ಒಂದೊಂದು ದಿನ ಒಳ್ಳೆಯ ಬಿಸಿಲು ಬರುತ್ತದಲ್ಲ, ಆಗ ಪುಟಗಳನ್ನು ಬೀಸಣಿಗೆಯ ಹಾಗೆ ಬಿಡಿಸಿ ಜಗಲಿಯ ನೆರಳಿನಲ್ಲಿ ಇಡುತ್ತೇನೆ. ನೇರ ಬಿಸಿಲಿಗೆ ಇಟ್ಟರೆ ಬಣ್ಣ ಹೋಗುತ್ತದೆ.

ಈಗ ಪುಸ್ತಕದಲ್ಲಿ ನಡೆಯುತ್ತಿರುವುದು ಖಾಕಿ ಬಟ್ಟೆಯ ವ್ಯವಹಾರ. ಭಾವ ನೌಕರಿಯಿಂದ ನಿವೃತ್ತರಾದರು. ಅಕ್ಕ ಕಾರವಾರದಿಂದ ಅವರ ಯೂನಿಫಾರ್ಮುಗಳನ್ನೆಲ್ಲ ಒಂದು ಗೋಣಿಚೀಲದಲ್ಲಿ ತುಂಬಿ ಬಸ್ಸಿಗೆ ಹಾಕಿ ಕಳಿಸಿದಳು. “ಇದ್ರಲ್ಲಿ ಒಂದು ಹೊದಿಕೆ ಮಾಡಿ ಕೊಡು, ನಡುವೆ ನನ್ನ ಹತ್ತಿ ಸೀರೆ ಹಾಕು” ಅಂತ ಫೋನಿನಲ್ಲಿ ಆಜ್ಞೆ. ಬಟ್ಟೆ ಮುಟ್ಟಿದ ಕೂಡಲೇ ಅನುಮಾನ ಬಂತು. ಹೊಲಿಗೆಯ ಒಳಗಿನಿಂದ ನಾಲ್ಕು ಎಳೆ ತೆಗೆದು ಬೆಂಕಿಕಡ್ಡಿ ಹಚ್ಚಿದೆ. ಹತ್ತಿ ಆಗಿದ್ದರೆ ಕಾಗದ ಸುಟ್ಟ ವಾಸನೆ, ಬೆರಳಿಗೆ ಸಿಗದ ಬೂದಿ. ಇದು ಸುಟ್ಟಿತು, ಜೊತೆಗೆ ಕರಗಿ ತುದಿಗೆ ಗಟ್ಟಿ ಗುಂಡು ಕಟ್ಟಿತು. ಟೆರಿಕಾಟ್, ಅಂದರೆ ಪಾಲಿಯೆಸ್ಟರ್ ಹತ್ತಿ ಎರಡೂ ಇದೆ.

ಅಕ್ಕನ ಸೀರೆ ಒಗೆದರೆ ಕುಗ್ಗುತ್ತದೆ, ಭಾವನ ಖಾಕಿ ಜಗ್ಗುವುದೇ ಇಲ್ಲ. ಎರಡನ್ನೂ ಹಾಗೇ ಜೋಡಿಸಿದರೆ ಮೊದಲ ಒಗೆತಕ್ಕೇ ಖಾಕಿ ಉಬ್ಬಿ ನಿಲ್ಲುತ್ತದೆ. ಇಸ್ತ್ರಿಯ ಕಾವೂ ಎರಡಕ್ಕೂ ಬೇರೆ. ಸೀರೆಯ ಒಂದು ಗೇಣು ಚೌಕವನ್ನು ಬಿಸಿನೀರಿನಲ್ಲಿ ಮತ್ತೆ ಮತ್ತೆ ಒಗೆದು, ಪ್ರತಿ ಸಲ ಅಳತೆ ಬರೆಯುತ್ತಿದ್ದೇನೆ. ಕುಗ್ಗುವುದು ನಿಂತ ಮೇಲೆ ಕತ್ತರಿ ಹಾಕುವುದು. ಜೇಬುಗಳನ್ನು ಬಿಚ್ಚದೆ ಹಾಗೇ ಇಡಬೇಕು ಅಂತ ಅಕ್ಕನ ಮಗಳ ಬೇಡಿಕೆ, ಮೊಬೈಲ್ ಇಟ್ಟುಕೊಳ್ಳಲಿಕ್ಕಂತೆ. ಒಂದು ಜೇಬಿನಲ್ಲಿ ಹಳೆಯ ಬಸ್ ಟಿಕೆಟ್ ಸಿಕ್ಕಿತು, ಕಾರವಾರದಿಂದ ಅಂಕೋಲಾಕ್ಕೆ. ಸಾಕಷ್ಟು ಸಲ ಒಗೆತಕ್ಕೆ ಸಿಕ್ಕಿ ಅಕ್ಷರ ಅರ್ಧ ಅಳಿಸಿದೆ. ಅದನ್ನೂ ಪುಟಕ್ಕೆ ಹೊಲಿದಿದ್ದೇನೆ, ಮೇಲಂಚಿಗೆ ನಾಲ್ಕು ಹೊಲಿಗೆ. ಯಾವ ಕೆಲಸಕ್ಕೆ ಹೋಗಿದ್ದು ಅಂತ ಭಾವನನ್ನೇ ಕೇಳಬೇಕು. ಪಕ್ಕದಲ್ಲಿ ಜಾಗ ಬಿಟ್ಟಿದ್ದೇನೆ.